ತಟ್ಟೆಯಲ್ಲಿ ಬೆಳೆಸಿದ ಅಂಡಾಶಯದ ಕೋಶ ಹೇಳುವುದೆಷ್ಟು?

'ಮಾನವ ಅಂಡಾಶಯದ ಕೋಶಗಳಲ್ಲಿ ಇಂಥ ವಸ್ತುವು ಹಾರ್ಮೋನನ್ನು ಏರುಪೇರು ಮಾಡಿತು' ಎಂಬ ಒಂದು ಸಾಲನ್ನು ಮೊಬೈಲಿನಲ್ಲಿ ಓದಿ, ಮರುದಿನದಿಂದಲೇ ಊಟ ತಿಂಡಿಯನ್ನು, ಕೆಲವೊಮ್ಮೆ ಮಾತ್ರೆಯನ್ನೂ ಬದಲಿಸಿಕೊಳ್ಳುವವರು ಮಡಿಕೇರಿಯ ನನ್ನ ಚಿಕಿತ್ಸಾಲಯದಲ್ಲಿ ಹೆಚ್ಚುತ್ತಿದ್ದಾರೆ. ಮಗುವಿಗಾಗಿ ಕಾದಿರುವವರ ಆತಂಕವನ್ನು ನಾನು ಬಲ್ಲೆ. ಆದರೆ ಆ ಸಾಲನ್ನು ಓದುವ ಬಗೆಯನ್ನು ಅವರಿಗೆ ಯಾರೂ ತಿಳಿಸುವುದಿಲ್ಲವಲ್ಲ ಎಂದು ಬೇಸರವಾಗುತ್ತದೆ.

ಪ್ರಯೋಗಾಲಯದ ತಟ್ಟೆಯಲ್ಲಿ ಕೋಶ ಬೆಳೆಸಿ ಮಾಡುವ ಇಂತಹ ಅಧ್ಯಯನಗಳಿಗೆ ಬಳಸುವ ಕೋಶಗಳು ಹೆಚ್ಚಾಗಿ ಐವಿಎಫ್ ಚಿಕಿತ್ಸೆಯಲ್ಲಿ ಅಂಡಾಣುವನ್ನು ಹೀರಿ ತೆಗೆಯುವಾಗ ಜೊತೆಗೆ ಬರುವ ದ್ರವದಿಂದ, ಮಹಿಳೆಯ ಒಪ್ಪಿಗೆ ಪಡೆದು ಸಂಗ್ರಹಿಸಿದ ಗ್ರಾನ್ಯುಲೋಸಾ ಕೋಶಗಳು, ಅಂದರೆ ಅಂಡಾಣುವನ್ನು ಸುತ್ತುವರಿದಿರುವ ಕೋಶಗಳು. ಅಂಡಾಣು ಪಕ್ವವಾಗಲೆಂದು ಕೊಟ್ಟ ಚುಚ್ಚುಮದ್ದಿನ ಪ್ರಭಾವದಿಂದ ಅವು ಆ ವೇಳೆಗಾಗಲೇ ಗರ್ಭ ನಿಲ್ಲಲು ನೆರವಾಗುವ ಪ್ರೊಜೆಸ್ಟೆರಾನ್ ಹಾರ್ಮೋನಿನ ತಯಾರಿಕೆಯತ್ತ ಹೊರಳಿರುತ್ತವೆ. ಕೆಲವು ಪ್ರಯೋಗಾಲಯಗಳು ಗ್ರಾನ್ಯುಲೋಸಾ ಕೋಶಗಳ ಗಡ್ಡೆಯಿಂದ ಜಪಾನಿನಲ್ಲಿ ಬೆಳೆಸಿದ, 2001ರಲ್ಲಿ ವರದಿಯಾದ 'ಕೆಜಿಎನ್' ಕೋಶಗಳನ್ನು ಬಳಸುತ್ತವೆ.

ಅಂಡಾಶಯದಲ್ಲಿ ಈಸ್ಟ್ರಡಯೋಲ್ ಎಂಬ ಮುಖ್ಯ ಈಸ್ಟ್ರೊಜೆನ್ (ಸ್ತ್ರೀ ಹಾರ್ಮೋನ್) ತಯಾರಾಗಲು ಎರಡು ಬಗೆಯ ಕೋಶಗಳು ಬೇಕು. ಅಂಡಾಣುವನ್ನು ಹೊತ್ತ ಚೀಲದ ಹೊರಪದರದ ಥೀಕಾ ಕೋಶಗಳು ಎಲ್‌ಎಚ್ ಎಂಬ ಹಾರ್ಮೋನಿನ ಪ್ರಚೋದನೆಯಿಂದ ಕೊಲೆಸ್ಟ್ರಾಲನ್ನು ಆಂಡ್ರೊಸ್ಟೆನೆಡಿಯೋನ್ ಎಂಬ ಪುರುಷ ಹಾರ್ಮೋನಿನ ವರ್ಗದ ವಸ್ತುವಾಗಿ ಮಾರ್ಪಡಿಸುತ್ತವೆ. ಒಳಗಿನ ಗ್ರಾನ್ಯುಲೋಸಾ ಕೋಶಗಳು ಎಫ್‌ಎಸ್‌ಎಚ್ ಎಂಬ ಇನ್ನೊಂದು ಹಾರ್ಮೋನಿನ ಪ್ರಚೋದನೆಯಿಂದ, ಅರೋಮಟೇಸ್ ಕಿಣ್ವದ ನೆರವಿನಿಂದ ಅದನ್ನು ಈಸ್ಟ್ರೊಜೆನ್ ಆಗಿಸುತ್ತವೆ. ಗ್ರಾನ್ಯುಲೋಸಾ ಕೋಶಗಳನ್ನಷ್ಟೇ ತಟ್ಟೆಗೆ ಹಾಕಿದರೆ ಮೊದಲ ಹಂತದ ಕೆಲಸ ಮಾಡುವವರೇ ಅಲ್ಲಿರುವುದಿಲ್ಲ. ಆದ್ದರಿಂದ ಸಂಶೋಧಕರು ಆಂಡ್ರೊಸ್ಟೆನೆಡಿಯೋನನ್ನು ತಾವೇ ಪೋಷಕ ದ್ರವಕ್ಕೆ ಬೆರೆಸಬೇಕಾಗುತ್ತದೆ. ಬೆರೆಸದಿದ್ದರೆ ಈಸ್ಟ್ರಡಯೋಲ್ ನಾಮಮಾತ್ರಕ್ಕೆ ಸಿಗುತ್ತದೆ. ಕಾಫಿ ಹಣ್ಣು ಸುರಿಯದೆ, ಅದರ ಸಿಪ್ಪೆ ಬಿಡಿಸುವ ಪಲ್ಪರ್ ಓಡಿಸಿ, ಯಂತ್ರ ಕೆಟ್ಟಿದೆ ಎನ್ನುವ ಬೆಳೆಗಾರ ನಮ್ಮ ಜಿಲ್ಲೆಯಲ್ಲಿ ಸಿಗಲಾರ. ಅಂದರೆ ತಟ್ಟೆಯಲ್ಲಿ ಅಳೆದ ಅಂಕಿ, ಆ ಕೋಶವು ತನಗೆ ಕೊಟ್ಟ ವಸ್ತುವಿನಿಂದ, ಕೊಟ್ಟ ಅವಧಿಯಲ್ಲಿ ಏನು ಮಾಡಿತು ಎಂಬುದನ್ನಷ್ಟೇ ಹೇಳುತ್ತದೆ. ಆ ಎರಡು ಪ್ರಚೋದಕ ಹಾರ್ಮೋನುಗಳನ್ನು ಸ್ರವಿಸುವ ಮಿದುಳಿನ ಪಿಟ್ಯುಟರಿ ಗ್ರಂಥಿ ಅಲ್ಲಿಲ್ಲ, ಹಾರ್ಮೋನನ್ನು ವಿಸರ್ಜಿಸಲು ಅಣಿಗೊಳಿಸುವ ಯಕೃತ್ತೂ ಇಲ್ಲ. ಅದು ನಿಮ್ಮ ರಕ್ತಪರೀಕ್ಷೆಯ ಅಂಕಿಯಲ್ಲ.

ಪೊನ್ನಂಪೇಟೆ ಕಡೆಯ ಒಬ್ಬ ಸೊಸೆ, ಕೆಫೀನಿನ ಬಗ್ಗೆ ಇಂಥದ್ದೇ ಸಾಲನ್ನು ಓದಿ ಕಾಫಿಯನ್ನು ಒಮ್ಮೆಲೇ ಬಿಟ್ಟು, ತಲೆನೋವಿನಿಂದ ನರಳುತ್ತಾ ಬಂದಿದ್ದರು. ಜೊತೆಗೆ ನಾನು ಬರೆದುಕೊಟ್ಟಿದ್ದ ಪ್ರೊಜೆಸ್ಟೆರಾನ್ ಮಾತ್ರೆಯನ್ನೂ ನಿಲ್ಲಿಸಿದ್ದರು. "ಕಾಫಿ ಬಿಟ್ಟ ಮೇಲೆ ಹಾರ್ಮೋನ್ ತಾನಾಗಿಯೇ ಸರಿಹೋಗುವುದಿಲ್ಲವೇ ಡಾಕ್ಟ್ರೇ?" ಎಂದರು. ಪಕ್ಕದಲ್ಲಿದ್ದ ಅತ್ತೆ, "ನಮ್ಮ ಮನೆಯಲ್ಲಿ ಎಲ್ಲರೂ ಕಾಫಿ ಕುಡಿದೇ ಮಕ್ಕಳನ್ನು ಹೆತ್ತದ್ದು" ಎಂದರು. ಅತ್ತೆಯ ಮಾತು ಪುರಾವೆಯಾಗದು, ಆದರೆ ಸೊಸೆ ಓದಿದ ಸಾಲೂ ಪುರಾವೆಯಲ್ಲ.

ಕೆಫೀನ್ ಹೆಚ್ಚು ಸಾಂದ್ರತೆಯಲ್ಲಿದ್ದಾಗ ಸೈಕ್ಲಿಕ್ ಎಎಂಪಿ ಎಂಬ ಸಂದೇಶವಾಹಕ ವಸ್ತುವನ್ನು ಒಡೆಯುವ ಫಾಸ್ಫೋಡೈಎಸ್ಟರೇಸ್ ಕಿಣ್ವವನ್ನು ತಡೆಯುತ್ತದೆ. ಆಗ ಕೋಶದೊಳಗೆ ಸೈಕ್ಲಿಕ್ ಎಎಂಪಿ ಶೇಖರವಾಗುತ್ತದೆ. ಎಫ್‌ಎಸ್‌ಎಚ್‌ನ ಸಂದೇಶ ಸಾಗುವುದೂ ಮುಖ್ಯವಾಗಿ ಅದೇ ಸೈಕ್ಲಿಕ್ ಎಎಂಪಿಯ ಮೂಲಕವಾದ್ದರಿಂದ ತಟ್ಟೆಯಲ್ಲಿ ಹಾರ್ಮೋನ್ ಬದಲಾದರೆ ಅಚ್ಚರಿಯಿಲ್ಲ. ಆದರೆ ಆ ತಡೆಗೆ ನೂರಾರು ಮೈಕ್ರೋಮೋಲಾರ್ ಸಾಂದ್ರತೆ ಬೇಕು. ಸುಮಾರು 100 ಮಿಲಿಗ್ರಾಂ ಕೆಫೀನ್ ಇರುವ ಒಂದು ಲೋಟ ಕಾಫಿ ಕುಡಿದವರ ರಕ್ತದಲ್ಲಿ ಅದು 10 ಮೈಕ್ರೋಮೋಲಾರ್ ಆಸುಪಾಸಿನಲ್ಲಿರುತ್ತದೆ.

ಹಾಗೆಂದು ಎಷ್ಟಾದರೂ ಕುಡಿಯಿರಿ ಎಂದು ನಾನು ಹೇಳುತ್ತಿಲ್ಲ. ಗರ್ಭಿಣಿಯರು ದಿನಕ್ಕೆ 200 ಮಿಲಿಗ್ರಾಂ ಕೆಫೀನಿನ ಮಿತಿ ಮೀರಬಾರದೆಂಬ ಸಲಹೆಯಿದೆ. ಗರ್ಭಕ್ಕೆ ಯತ್ನಿಸುತ್ತಿರುವವರಿಗೂ ನಾನು ಅದನ್ನೇ ಹೇಳುತ್ತೇನೆ. ಅದು ಮನುಷ್ಯರನ್ನೇ ಗಮನಿಸಿದ ಅಧ್ಯಯನಗಳಿಂದ ಬಂದ ಸಲಹೆ. ಇಂಥ ವರದಿ ಕಣ್ಣಿಗೆ ಬಿದ್ದರೆ ಅದನ್ನು ಮುದ್ರಿಸಿ ನಿಮ್ಮ ವೈದ್ಯರ ಬಳಿ ತನ್ನಿ: ಯಾವ ಕೋಶ, ಅದಕ್ಕೆ ಏನನ್ನು ಬೆರೆಸಿದರು, ಎಷ್ಟು ಸಾಂದ್ರತೆ ಎಂಬುದನ್ನು ಕೂತು ನೋಡೋಣ. ಅಲ್ಲಿಯವರೆಗೆ ಮಾತ್ರೆಯನ್ನು ಮಾತ್ರ ನಿಲ್ಲಿಸಬೇಡಿ.