ಮೊದಲು ಲೈಟ್ ಆರಿಸಿ

ನಾಮಕರಣದ ಮನೆಗೆ ಫೋಟೋ ತೆಗೆಯಲು ಹೋದ ಕೂಡಲೇ ನಾನು ಹುಡುಕುವುದು ಸ್ವಿಚ್ ಬೋರ್ಡ್. ಆರಿಸುವುದಕ್ಕೆ. ಮನೆಯವರದು ಉಲ್ಟಾ. ಕ್ಯಾಮೆರಾ ಕಂಡರೆ ಸಾಕು, ಟ್ಯೂಬ್‌ಲೈಟು, ಫಾಲ್ಸ್ ಸೀಲಿಂಗಿನ ಹಳದಿ ದೀಪ, ಸಾಲದ್ದಕ್ಕೆ ಸೀರಿಯಲ್ ಸೆಟ್ಟು, ಎಲ್ಲ ಹಾಕಿಬಿಡುತ್ತಾರೆ. ‘ಬೆಳಕು ಜಾಸ್ತಿ ಇದ್ರೆ ಒಳ್ಳೇದೇ ಅಲ್ವಾ ಸಾರ್?’

ಅಲ್ಲ. ಇದೊಂದನ್ನು ಹೇಳಿ ಹೇಳಿ ಸಾಕಾಗಿದೆ. ಬೆಳಕಿನ ಬಣ್ಣವನ್ನು ಕೆಲ್ವಿನ್‌ನಲ್ಲಿ ಅಳೆಯುತ್ತಾರೆ, ಅಂಕಿ ಇಳಿದಷ್ಟೂ ಹಳದಿ, ಏರಿದಷ್ಟೂ ನೀಲಿ. ಹಗಲು ಬೆಳಕು ಸುಮಾರು 5500 ಕೆಲ್ವಿನ್. ಹಳದಿ ಬಲ್ಬಿನದು 2700ರಿಂದ 3000. ನಮ್ಮ ಕಣ್ಣು ಹೇಗೋ ಹೊಂದಿಸಿಕೊಳ್ಳುತ್ತದೆ, ಕ್ಯಾಮೆರಾಗೆ ಅದು ಬರುವುದಿಲ್ಲ. ಬಿಳಿ ಬಿಳಿಯಾಗಿಯೇ ಕಾಣುವಂತೆ ಹೊಂದಿಸುವ ವೈಟ್ ಬ್ಯಾಲೆನ್ಸ್‌ನಲ್ಲಿ ಒಂದು ಬಣ್ಣ ಸರಿಮಾಡಿದರೆ ಇನ್ನೊಂದು ಕೆಡುತ್ತದೆ. ಬಲ್ಬಿನ ಕಡೆಯ ಕೆನ್ನೆಗೆ ಅರಿಶಿನ ಬಳಿದ ಹಾಗೆ, ಕಿಟಕಿ ಕಡೆಯ ಕೆನ್ನೆ ನೀಲಿ. ಆಮೇಲೆ ಕುವೆಂಪುನಗರದಿಂದ ಫೋನು: ‘ಸಾರ್, ಮಗೂಗೆ ಕಾಮಾಲೆ ಬಂದಿರೋ ಥರ ಕಾಣ್ತಿದೆ!’ ಕಂಪ್ಯೂಟರ್‌ನಲ್ಲಿ ಸ್ವಲ್ಪ ತಿದ್ದಬಹುದು. ಪೂರ್ತಿ ಸರಿಹೋಗುತ್ತೆ ಅಂತ ಮಾತು ಕೊಡಲಾರೆ.

ಮಿಕ್ಕಿದ್ದು ಸುಲಭ. ಕಿಟಕಿ ಮಗುವಿನ ಪಕ್ಕಕ್ಕಿರಲಿ, ಬೆನ್ನಿಗೆ ಬೇಡ. ನೇರ ಬಿಸಿಲು ಬೀಳಬಾರದು. ಷಟರ್ ವೇಗ ಸೆಕೆಂಡಿನ 1/250ಕ್ಕಿಂತ ಇಳಿಸಬೇಡಿ, ಫೋಟೋ ಮಸುಕಾಗುತ್ತದೆ, ಆ ಪುಟ್ಟ ಕೈಕಾಲು ಒಂದು ಕ್ಷಣ ಸುಮ್ನಿರುವುದಿಲ್ಲ. ಫ್ಲ್ಯಾಶ್‌ನಿಂದ ಕಣ್ಣಿಗೆ ತೊಂದರೆಯೇ ಅಂತ ಕೇಳುತ್ತಾರೆ. ಅದನ್ನು ಡಾಕ್ಟರ್ ಹೇಳಬೇಕು. ಮಲಗಿದ ಮಗು ಬೆಚ್ಚಿ ಅಳುವುದನ್ನಂತೂ ನಾನೇ ಕಂಡಿದ್ದೇನೆ.

ಪಾಂಡವಪುರದ ಹತ್ತಿರ ಒಂದು ತೊಟ್ಟಿಮನೆಗೆ ಹೋಗಿದ್ದೆ. ನಡುವೆ ಆಕಾಶಕ್ಕೆ ತೆರೆದ ತೊಟ್ಟಿ, ಸುತ್ತ ಹೆಂಚಿನ ಮಾಡು. ಅಂಥ ಮೆತ್ತನೆ ಬೆಳಕು ಯಾವ ಸ್ಟುಡಿಯೋದಲ್ಲೂ ಸಿಗಲ್ಲ. ಬಲ್ಬು ಆರಿಸಿದೆ ನೋಡಿ, ಅಜ್ಜಿ ಎದ್ದರು. ‘ಒಳ್ಳೆ ಕಾರ್ಯದ ದಿನ ಮನೇನ ಕತ್ಲು ಮಾಡ್ತೀಯಲ್ಲಪ್ಪ!’

ಅವರ ಮಾತೂ ಸರಿಯೇ. ‘ದೇವರ ದೀಪ ಉರೀಲಿ ಅಜ್ಜಿ, ಬಲ್ಬು ಮಾತ್ರ ಹತ್ತು ನಿಮಿಷ’ ಅಂದೆ. ಒಲ್ಲದ ಮನಸ್ಸಿನಿಂದ ಒಪ್ಪಿದರು. ಸೋದರತ್ತೆ ಬಗ್ಗಿ ಕಿವಿಯಲ್ಲಿ ಹೆಸರು ಹೇಳುವಾಗ ನಾಲ್ಕು ಫೋಟೋ ತೆಗೆದು, ಕ್ಯಾಮೆರಾದಲ್ಲೇ ಅಜ್ಜಿಗೆ ತೋರಿಸಿದೆ. ಕೆನ್ನೆಯ ದೃಷ್ಟಿಬೊಟ್ಟು, ಕಿವಿಯ ಮೇಲಿನ ನವಿರು ಕೂದಲು, ಎಲ್ಲ ಎಣಿಸಬಹುದಾದ ಹಾಗೆ ಕಾಣುತ್ತಿತ್ತು. ಅಜ್ಜಿ ಏನೂ ಅನ್ನಲಿಲ್ಲ. ಹೋಗಿ ಸ್ವಿಚ್ ಬೋರ್ಡಿನ ಕೆಳಗೆ ಚಾಪೆ ಹಾಸಿಕೊಂಡು ಕೂತರು. ಬೆವರು ಒರೆಸಿಕೊಳ್ಳುತ್ತಾ ಬಂದ ಅಳಿಯಂದಿರಿಗೆ ಫ್ಯಾನ್ ಹಾಕುವುದಕ್ಕೂ ಬಿಡಲಿಲ್ಲ.