ವಾಸನೆ ಬರುತ್ತಿಲ್ಲ ಅಂದರೆ ಕಸದ ಕೇಂದ್ರ ಸರಿಯಾಗಿದೆ ಅಂತಲೇ?

ಪ್ರಶ್ನೆ: ನಮ್ಮ ಬಡಾವಣೆ ಪಕ್ಕದ ಕಸ ವರ್ಗಾವಣೆ ಕೇಂದ್ರದಿಂದ ಈಗ ವಾಸನೆ ಬರುತ್ತಿಲ್ಲ. ನಿಯಮ ಪಾಲಿಸುತ್ತಿದ್ದಾರೆ ಎಂದು ನಂಬಬಹುದೇ? ತಪಾಸಣೆಗೆ ಬಂದವರು ಏನನ್ನು ನೋಡುತ್ತಾರೆ?

ಇದಕ್ಕೆ ಎಷ್ಟನೇ ಸಲ ಉತ್ತರಿಸುತ್ತಿದ್ದೇನೋ, ಲೆಕ್ಕ ತಪ್ಪಿದೆ. ಹೋದ ಸಲ ಕೇಳಿದವರು "ವಾಸನೆ ಬರುತ್ತಿದೆ, ಮುಚ್ಚಿಸಬಹುದೇ" ಅಂದಿದ್ದರು. ಎರಡೂ ಕಡೆ ತೀರ್ಪು ಕೊಡುತ್ತಿರುವುದು ಮೂಗು. ಆ ತೀರ್ಪನ್ನು ನಂಬಬೇಡಿ.

ಮೂಗಿಗೆ ತಿಳಿಯುವುದು ಬಹಳ ಕಡಿಮೆ. ಕೊಳೆಯುವ ಕಸದಿಂದ ಏಳುವ ಮೀಥೇನ್‌ಗೆ ವಾಸನೆಯೇ ಇಲ್ಲ. ಅಡುಗೆ ಗ್ಯಾಸಿಗೂ ಇಲ್ಲ. ಸೋರಿದರೆ ಗೊತ್ತಾಗಲಿ ಎಂದು ಬೇಕೆಂದೇ ಘಾಟು ಬೆರೆಸಿರುತ್ತಾರೆ. ಕಸಕ್ಕೆ ಆ ಉಪಕಾರ ಮಾಡುವವರಿಲ್ಲ. ಒಡೆದ ಟ್ಯೂಬ್‌ಲೈಟಿನ ಪಾದರಸವೂ ಮೂಗಿಗೆ ಸಿಗದು. ಒಣ ಕಸದ ನಡುವೆ ಸೇರಿಕೊಂಡ ಮೊಬೈಲ್ ಬ್ಯಾಟರಿ ಕಸವನ್ನು ಒತ್ತಿ ಮೂಟೆ ಕಟ್ಟುವ ಬೇಲಿಂಗ್ ಯಂತ್ರದಲ್ಲಿ ಜಜ್ಜಿಹೋಗಿ ಧಗ್ಗೆಂದು ಹೊತ್ತಿಕೊಳ್ಳುವ ತನಕ ತೆಪ್ಪಗಿರುತ್ತದೆ. ಕೊಳೆತ ಮೊಟ್ಟೆಯಂತೆ ನಾರುವ ಹೈಡ್ರೋಜನ್ ಸಲ್ಫೈಡ್ ಇನ್ನೂ ಕಪಟಿ. ಗಾಳಿಯಲ್ಲಿ ಹತ್ತು ಲಕ್ಷಕ್ಕೆ ಸುಮಾರು 100 ಭಾಗವಾದರೆ ಮೂಗೇ ಮರಗಟ್ಟುತ್ತದೆ. ಅಪಾಯ ಏರಿದ ಹೊತ್ತಿಗೇ ವಾಸನೆ ಮಾಯ! ಮ್ಯಾನ್‌ಹೋಲ್‌ಗೆ ಇಳಿದವರನ್ನು ಕೊಲ್ಲುವುದೂ ಹಲವು ಸಲ ಇದೇ ಅನಿಲ.

ಒಮ್ಮೆ ಒಂದು ಕೇಂದ್ರಕ್ಕೆ ತಪಾಸಣೆಗೆ ಹೋದಾಗ ಗೇಟಿನಲ್ಲೇ ಫಿನಾಯಿಲ್ ಘಮ. ನೆಲ ತೊಳೆದು, ಬ್ಲೀಚಿಂಗ್ ಪೌಡರ್ ಎರಚಿ, ರಂಗೋಲಿ ಹಾಕುವುದೊಂದು ಬಾಕಿ ಇತ್ತು. ಇಂಥ ಕಡೆ ನಾನು ನೇರ ಹಿತ್ತಲಿಗೆ ಹೋಗುತ್ತೇನೆ. ಕಸದ ರಸ, ಅಂದರೆ ಲೀಚೇಟ್, ತುಂಬಿರಬೇಕಾದ ತೊಟ್ಟಿ ಒಣಗಿ ಬಿರುಕು ಬಿಟ್ಟಿತ್ತು. ಗೋಡೆಯ ತೂತಿನಿಂದ ಕಪ್ಪು ಗೆರೆಯೊಂದು ಮಳೆನೀರಿನ ಚರಂಡಿಗೆ ಇಳಿದಿತ್ತು. ವಾಸನೆ ಖಂಡಿತ ಇರಲಿಲ್ಲ, ಅದು ಚರಂಡಿ ಹಿಡಿದು ಕೆರೆಯ ಕಡೆ ಹೋಗಿಯಾಗಿತ್ತು.

ಇನ್ನು ವಾಸನೆ ಇದ್ದ ಮಾತ್ರಕ್ಕೆ ತಪ್ಪು ಅನ್ನುವಂತೆಯೂ ಇಲ್ಲ. ಆಟೋ ಟಿಪ್ಪರ್‌ನಿಂದ ಹಸಿ ಕಸ ಅದನ್ನು ಒತ್ತಿ ತುಂಬುವ ಕಾಂಪ್ಯಾಕ್ಟರ್‌ಗೆ ಬೀಳುವಾಗ ನಾರದೆ ಇರುತ್ತದೆಯೇ? ನಿಮ್ಮ ಮನೆಯ ಬಕೆಟ್ ಮುಚ್ಚಳ ತೆಗೆದು ನೋಡಿ. ಕೇಳಬೇಕಾದದ್ದು ಎಷ್ಟು ಹೊತ್ತು ಎಂದು. ಘನ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ವರ್ಗಾವಣೆ ಕೇಂದ್ರವೆಂದರೆ ಕಸವನ್ನು ಪಡೆದು, ಮುಚ್ಚಿದ ವಾಹನದಲ್ಲಿ ಒಟ್ಟಾಗಿ ಮುಂದಕ್ಕೆ ಕಳಿಸುವ ಜಾಗ. ಬಸ್ ಸ್ಟ್ಯಾಂಡ್ ಇದ್ದ ಹಾಗೆ, ಬಿಡಾರ ಹೂಡುವಂತಿಲ್ಲ. ಬೆಂಗಳೂರಿನ ಕಸ ಸುರಿಯುತ್ತಿದ್ದ ಮಂಡೂರಿನವರು 2014ರಲ್ಲಿ ರಸ್ತೆಗಿಳಿದದ್ದು ಬಂದು ಹೋಗುವ ಕಸಕ್ಕಲ್ಲ, ಬಂದು ಬೆಟ್ಟವಾಗಿ ಕೂತ ಕಸಕ್ಕೆ.

ಹಾಗಾದರೆ ನೋಡುವುದೇನು? ಮೊದಲು ತೂಕದ ಪುಸ್ತಕ. ಹಸಿ ಕಸ ನೀರು ಬಿಟ್ಟು ಹಗುರಾಗಬಹುದು, ಪ್ಲಾಸ್ಟಿಕ್ ಹಾಗಲ್ಲ. 5 ಟನ್ ಒಣ ಕಸ ಬಂದು, 3 ಟನ್ ಹೊರಗೆ ಹೋಗಿ, ಶೆಡ್ಡಿನಲ್ಲಿ ಅರ್ಧ ಟನ್ ಕಂಡರೆ ಮಿಕ್ಕದ್ದಕ್ಕೆ ಯಾರೋ ರಾತ್ರಿ ಬೆಂಕಿ ಇಟ್ಟಿದ್ದಾರೆ, ಇಲ್ಲವೇ ಅದು ಯಾವುದೋ ಖಾಲಿ ಸೈಟ್ ಸೇರಿದೆ. ಹೊರಗೆ ಹೋದದ್ದಕ್ಕೆ ಕೊಂಡವರ ಬಿಲ್ ಬೇಕು. ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಪತ್ರ, ಬೆಂಕಿ ಆರಿಸುವ ಸಿಲಿಂಡರಿನ ದಿನಾಂಕ, ಇವೆಲ್ಲ ಐದು ನಿಮಿಷದ ಕೆಲಸ. ಕೆಲಸಗಾರರ ಕೈಗವಸು ಹೊಚ್ಚ ಹೊಸದಾಗಿ ಮಿಂಚುತ್ತಿದ್ದರೆ "ಹಳೆಯದನ್ನು ತೋರಿಸಿ" ಅನ್ನುತ್ತೇನೆ. ಅಲ್ಲಿ ಬಾಯಿ ಕಟ್ಟುತ್ತದೆ.

ಕೊನೆಗೆ ಮೋರಿಯ ಜಾಲರಿ. ಅದನ್ನು ಎತ್ತಿದಾಗಲೆಲ್ಲ ಸಿಗುವುದು ಹಾಲಿನ ಪ್ಯಾಕೆಟ್ಟಿನ ಕತ್ತರಿಸಿದ ಮೂಲೆಗಳು. ನೀವು ಇದನ್ನು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. ಉಗುರಿನಷ್ಟಿರುವ ಆ ತುಂಡನ್ನು ಯಾರೂ ಹೆಕ್ಕುವುದಿಲ್ಲ, ಹೆಕ್ಕಿ ಪೂರೈಸುವುದೂ ಇಲ್ಲ. ಮೂಲೆಯನ್ನು ಪೂರ್ತಿ ಕತ್ತರಿಸದೆ ಪ್ಯಾಕೆಟ್ಟಿಗೆ ಅಂಟಿಕೊಂಡಿರುವಂತೆ ಬಿಡಿ. ತೊಳೆದು ಒಣಗಿಸಿದ ಹಾಲಿನ ಕವರಿಗೆ ಗುಜರಿಯಲ್ಲಿ ಬೇರೆಯದೇ ಚೀಲ, ಬೇರೆಯದೇ ದರ. ಮೊಸರಿನ ಕವರೂ ಅದೇ ಚೀಲಕ್ಕೆ ಹೋಗುತ್ತದೆ, ಅದನ್ನು ಮಾತ್ರ ಎರಡು ಸಲ ತೊಳೆಯಿರಿ.