ಗಾಜು ಹರಿಯುವುದಿಲ್ಲ ಸ್ವಾಮಿ!

ಹಳೇ ಚರ್ಚುಗಳ ಕಿಟಕಿ ಗಾಜು ಕೆಳಗಡೆ ದಪ್ಪ ಇರುತ್ತದೆ, ಯಾಕಂದ್ರೆ ಗಾಜು ನಿಜಕ್ಕೂ ದ್ರವ, ನೂರಾರು ವರ್ಷ ನಿಧಾನಕ್ಕೆ ಕೆಳಗೆ ಇಳಿಯುತ್ತದೆ. ಈ ಮಾತು ನೀವೂ ಕೇಳಿರುತ್ತೀರಿ. ಮೇಷ್ಟ್ರುಗಳೂ ಹೇಳುತ್ತಾರೆ. ಆದರೆ ಇದು ಸುಳ್ಳು.

ನ್ಯೂಯಾರ್ಕಿನ ಎರಡು ಮ್ಯೂಸಿಯಂಗಳಲ್ಲಿರುವ ಗಾಜನ್ನು ಅಕ್ಕಪಕ್ಕ ಇಟ್ಟು ಯೋಚಿಸಿ. ಮಾಡರ್ನ್ ಆರ್ಟ್ ಮ್ಯೂಸಿಯಂನ ಸಂಗ್ರಹದಲ್ಲಿ ವಿನ್ಯಾಸಕ ಟೋರ್ಡ್ ಬೋಂಟ್ಯೆ ಮತ್ತು ಗಾಜಿನ ಕಲಾವಿದೆ ಎಮ್ಮಾ ವೊಫೆಂಡೆನ್ 1997ರಲ್ಲಿ ಶುರುಮಾಡಿದ 'ಟ್ರಾನ್ಸ್‌ಗ್ಲಾಸ್' ಎಂಬ ಗಾಜಿನ ಪಾತ್ರೆಗಳ ಸರಣಿ ಇದೆ. ಕುಡಿದು ಬಿಟ್ಟ ವೈನ್ ಬಾಟಲಿಯ ಕತ್ತನ್ನು ಓರೆಯಾಗಿ ಕತ್ತರಿಸಿ, ಅಂಚು ನಯಮಾಡಿದರೆ, ಅದೇ ಹೂಜಿ! ಗುಜರಿಗೆ ಹೋಗುವ ವಸ್ತುವಿನಲ್ಲಿ ಇಷ್ಟು ಚೆಂದದ ಗೆರೆ ಅಡಗಿತ್ತಲ್ಲ ಅಂತ ನನಗೆ ಈಗಲೂ ಆಶ್ಚರ್ಯ. ಅದೇ ಊರಿನ ಮೆಟ್ರೋಪಾಲಿಟನ್ ಮ್ಯೂಸಿಯಂನಲ್ಲಿ ಎನ್ನಿಯೋನ್ ಎಂಬ ರೋಮನ್ ಕಾಲದ ಕುಶಲಕರ್ಮಿ ಅಚ್ಚಿನೊಳಗೆ ಊದಿ ಮಾಡಿದ ಹೂಜಿ ಇದೆ. ಸುಮಾರು 2000 ವರ್ಷ ಹಳೆಯದು. ತನ್ನ ಹೆಸರನ್ನು ಗ್ರೀಕ್ ಅಕ್ಷರಗಳಲ್ಲಿ ಅಚ್ಚಿನಲ್ಲೇ ಕೊರೆದಿದ್ದ ಪುಣ್ಯಾತ್ಮ, ಹಾಗಾಗಿ ಅದರಲ್ಲಿ ಊದಿದ ಪ್ರತಿ ಪಾತ್ರೆಯ ಮೇಲೂ ಹೆಸರು ಮೂಡುತ್ತಿತ್ತು. ಬ್ರ್ಯಾಂಡ್ ಅನ್ನೋದು ಇವತ್ತಿನದಲ್ಲ.

ಎರಡರ ಮೂಲ ಪಾಕವೂ ಹೆಚ್ಚುಕಡಿಮೆ ಒಂದೇ. ನೂರಕ್ಕೆ 70 ಭಾಗದಷ್ಟು ಮರಳಿನ ಸಿಲಿಕಾ, ಉಳಿದದ್ದು ಬಹುಪಾಲು ಸೋಡಾ ಮತ್ತು ಸುಣ್ಣ. ಬರೀ ಸಿಲಿಕಾ ಕರಗಲು 1700 ಡಿಗ್ರಿ ಬೇಕು. ಸೋಡಾ ಸೇರಿದರೆ ಕುಲುಮೆಯ ಬಿಸಿ ಸಾಕಾಗುತ್ತದೆ. ರೋಮನ್ನರಿಗೆ ಆ ಸೋಡಾ ಈಜಿಪ್ಟಿನ ಉಪ್ಪುಕೆರೆಗಳಿಂದ ಬರುತ್ತಿತ್ತು.

ಈಗ ನೋಡಿ, ಗಾಜು ಇಳಿಯುವುದೇ ಆಗಿದ್ದರೆ ಎನ್ನಿಯೋನನ ಆ ಸಣ್ಣ ಅಕ್ಷರಗಳು ಎಂದೋ ಅಳಿಸಿಹೋಗಬೇಕಿತ್ತು, ಅಲ್ವಾ?

ಅಳಿಯಲಿಲ್ಲ, ಯಾಕೆ? ಗಾಜಿನ ಕಣಗಳು ಹರಳಿನಂತೆ ಸಾಲಾಗಿ ನಿಂತಿಲ್ಲ, ನಿಜ. ಆದರೆ ಆರುತ್ತಾ ಬಂದು ಸುಮಾರು 550 ಡಿಗ್ರಿಗೆ ಬರುವಷ್ಟರಲ್ಲಿ ಅವು ಇದ್ದಲ್ಲೇ ಸಿಕ್ಕಿಬೀಳುತ್ತವೆ, ಕಿಕ್ಕಿರಿದ ಬಸ್ಸಿನಲ್ಲಿ ಜನ ಸಿಕ್ಕಿಬಿದ್ದಂತೆ: ಸಾಲೂ ಇಲ್ಲ, ಅಲ್ಲಾಡಲೂ ಜಾಗವಿಲ್ಲ. ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬ್ಬೆ ಚರ್ಚಿನ ಮಧ್ಯಯುಗದ ಗಾಜಿನ ಪಾಕವನ್ನೇ ಮತ್ತೆ ತಯಾರಿಸಿ ವಿಜ್ಞಾನಿಗಳು ಅಳೆದು ಲೆಕ್ಕ ಹಾಕಿದ್ದಾರೆ. 100 ಕೋಟಿ ವರ್ಷಕ್ಕೆ ಹೆಚ್ಚೆಂದರೆ ಒಂದು ನ್ಯಾನೋಮೀಟರ್, ಅಂದರೆ ಕೂದಲೆಳೆಯ ದಪ್ಪದಲ್ಲಿ ಹತ್ತಾರು ಸಾವಿರ ಪಾಲಿನ ಒಂದು ಪಾಲು, ಅಷ್ಟೇ ಹರಿದೀತು.

ಹಾಗಾದರೆ ಆ ಕಿಟಕಿಗಳು? ಆಗೆಲ್ಲ ಗಾಜನ್ನು ಊದಿ, ಗಿರಗಿರ ತಿರುಗಿಸಿ ತಟ್ಟೆ ಮಾಡಿ, ಆಮೇಲೆ ತುಂಡು ಕತ್ತರಿಸುತ್ತಿದ್ದರು. ತಟ್ಟೆ ಎಲ್ಲ ಕಡೆ ಒಂದೇ ದಪ್ಪ ಬರುತ್ತಿರಲಿಲ್ಲ. ಹುಡುಕಿದರೆ ದಪ್ಪ ಅಂಚು ಮೇಲಕ್ಕಿರುವ, ಪಕ್ಕಕ್ಕಿರುವ ಹಳೇ ಗಾಜುಗಳೂ ಸಿಗುತ್ತವೆ.